ಟ್ರೈಕ್‌ನ ಹಿಂದಿನ ಡ್ರಮ್ ಬಿಚ್ಚಿ ಡಿಸ್ಕ್ ಕೂರಿಸುವುದು: ಅಳತೆಯಿಂದ ಟ್ರಯಲ್‌ವರೆಗೆ

ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದವರ ಮೊದಲ ದೂರು ಬಹುಪಾಲು ಒಂದೇ: "ಮುಂಚೆ ಇದ್ದಷ್ಟೂ ಹಿಡೀತಿಲ್ಲ." ಇದರಲ್ಲಿ ಅಚ್ಚರಿಯೇನಿಲ್ಲ. ಡ್ರಮ್ಮಿನೊಳಗೆ ಮುಂದಿನ ಶೂ (ಒಳಗಿನಿಂದ ಡ್ರಮ್ಮಿಗೆ ಒತ್ತುವ ಬಾಗಿದ ಪಟ್ಟಿ) ತಿರುಗುವ ಡ್ರಮ್ಮಿಗೆ ತಾಗಿದ ಕೂಡಲೇ ಡ್ರಮ್ಮೇ ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅಂದರೆ ನಿಮ್ಮ ಕಾಲಿನ ಕೆಲಸದಲ್ಲಿ ಒಂದು ಪಾಲನ್ನು ಡ್ರಮ್ ಪುಕ್ಕಟೆ ಮಾಡಿಕೊಡುತ್ತಿತ್ತು. ಡಿಸ್ಕಿಗೆ ಆ ಗುಣವಿಲ್ಲ, ಒತ್ತಿದಷ್ಟೇ ಹಿಡಿತ. ಡಿಸ್ಕಿನ ಲಾಭ ಬೇರೆ ಕಡೆ ಇದೆ: ಬಿಸಿಯಾದರೂ ಹಿಡಿತ ಬೇಗ ಸೋರುವುದಿಲ್ಲ, ನೀರು ಬಿದ್ದರೆ ಎರಡು ಸುತ್ತಿನಲ್ಲಿ ಒಣಗುತ್ತದೆ, ಎಡಕ್ಕೂ ಬಲಕ್ಕೂ ಒಂದೇ ಸಮ ಹಿಡಿಯುತ್ತದೆ. ಮೂರು ಚಕ್ರದ ಗಾಡಿಯಲ್ಲಿ ಈ ಕೊನೆಯದೇ ದೊಡ್ಡದು. ಹಿಂದಿನ ಒಂದು ಡ್ರಮ್ ಸ್ವಲ್ಪ ಬೇಗ ಹಿಡಿದರೂ ಟ್ರೈಕ್ ಆ ಕಡೆಗೆ ತಿರುಗಿಬಿಡುತ್ತದೆ.

ಆದ್ದರಿಂದ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಎರಡೂ ಕಡೆ ಹಿಂಡುವ ಭಾಗ) ಕೊಳ್ಳುವ ಮುಂಚೆ ಪೆನ್ನು, ಹಾಳೆ, ವರ್ನಿಯರ್ ಕೈಗೆ ತೆಗೆದುಕೊಳ್ಳಿ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕ್ಯಾಲಿಪರ್ ತಂದು, ಆಮೇಲೆ ಅದಕ್ಕೆ ತಕ್ಕ ಹಾಗೆ ಗಾಡಿಯನ್ನು ಬಗ್ಗಿಸುತ್ತಾ ಹೋದರೆ ಕೆಲಸ ಮುಗಿಯುವುದಿಲ್ಲ.

ಇಲ್ಲಿ ಹೇಳುವುದು ಈ ಮಾದರಿಯ ಗಾಡಿಗೆ: ಮುಂದೆ ಬೈಕಿನ ಒಂದು ಚಕ್ರ ಮತ್ತು ಅದರದೇ ಬ್ರೇಕು, ಹಿಂದೆ ಡಿಫರೆನ್ಷಿಯಲ್ ಇರುವ ಕಾರಿನ ಆಕ್ಸಲ್, 12 ಇಂಚಿನ ರಿಮ್, 114.3 ಮಿ.ಮೀ. ಪಿಸಿಡಿಯ (ಸ್ಟಡ್ಡುಗಳ ನಡುವನ್ನು ಹಾದುಹೋಗುವ ವೃತ್ತದ ವ್ಯಾಸ) ನಾಲ್ಕು ಸ್ಟಡ್ (ಚಕ್ರದ ಬೋಲ್ಟು), ಕಾಲಲ್ಲಿ ತುಳಿಯುವ ಹೈಡ್ರಾಲಿಕ್ ಡ್ರಮ್ ಬ್ರೇಕು. ನಿಮ್ಮದು ಬೇರೆ ಇದ್ದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಮೊದಲು ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. ಅಂಗವಿಕಲರಿಗಾಗಿ ಮಾರ್ಪಡಿಸಿದ ಗಾಡಿಗೆ ದಾರಿ ಇದೆ, ಅದಕ್ಕೂ ಆರ್‌ಟಿಓ ಒಪ್ಪಿಗೆ ಬೇಕು. ಗಾಡಿ ಕೆಎ-17 ಇರಲಿ, ಕೆಎ-16 ಇರಲಿ, ಬಿಚ್ಚುವ ಮುಂಚೆ ದಾವಣಗೆರೆ ಅಥವಾ ಚಿತ್ರದುರ್ಗದ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ವಿಮೆಯವರಿಗೂ ತಿಳಿಸಿ. ಒಪ್ಪಿಗೆ ಇಲ್ಲದ ಟ್ರೈಕ್ ನಿಮ್ಮ ಜಮೀನಿನೊಳಗೆ ಓಡಲಿ, ರಸ್ತೆಗೆ ಬೇಡ.

ಲೆಕ್ಕ: ಮಾಸ್ಟರ್ ಸಿಲಿಂಡರ್ ಎಷ್ಟು ದಪ್ಪ ಇರಬೇಕು

ಇಡೀ ಕೆಲಸ ಕೆಡುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಮಾಸ್ಟರ್ ಸಿಲಿಂಡರ್ ಎಂದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಪಂಪು, ಬೋರ್ ಎಂದರೆ ಅದರ ಒಳವ್ಯಾಸ.

ಬೈಕಿನ ಹಿಂದಿನ ಡಿಸ್ಕಿನ ಮಾಸ್ಟರ್ ಸಿಲಿಂಡರ್‌ನ ಬೋರ್ 12.7 ಮಿ.ಮೀ. ಎಂದುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ 1.27 ಚದರ ಸೆಂ.ಮೀ. ಪಿಸ್ಟನ್ ಓಡಾಟ 12 ಮಿ.ಮೀ. ಅಂದರೆ ಪೂರ್ತಿ ತುಳಿದರೆ ಹೊರಬರುವ ಆಯಿಲ್ ಸುಮಾರು 1.5 ಸಿಸಿ. ಕಾರಿನ ಕ್ಯಾಲಿಪರ್ ಪಿಸ್ಟನ್ 48 ಮಿ.ಮೀ. ಇದ್ದರೆ ಒಂದರ ವಿಸ್ತೀರ್ಣ 18.1, ಎರಡಕ್ಕೆ 36.2 ಚದರ ಸೆಂ.ಮೀ. 1.5 ಸಿಸಿಯನ್ನು ಅಷ್ಟಕ್ಕೆ ಹಂಚಿದರೆ ಒಂದೊಂದು ಪಿಸ್ಟನ್ ಮುಂದೆ ಸರಿಯುವುದು 0.4 ಮಿ.ಮೀ. ಮಾತ್ರ. ಪ್ಯಾಡಿನ ಸಂದು ತುಂಬುವುದು, ಹೋಸ್ ಉಬ್ಬುವುದು, ಬ್ರಾಕೆಟ್ (ಕ್ಯಾಲಿಪರ್ ಹಿಡಿದಿರುವ ಪ್ಲೇಟು) ಕೊಂಚ ಬಾಗುವುದು, ಎಲ್ಲ ಅಷ್ಟರಲ್ಲೇ ಆಗಬೇಕು. ಆಗುವುದಿಲ್ಲ. ಪೆಡಲ್ ತಳ ಮುಟ್ಟುತ್ತದೆ. ಇದನ್ನು ನೋಡಿ "ಏರ್ ಇದೆ" (ಪೈಪಿನಲ್ಲಿ ಗಾಳಿ ಸೇರಿದೆ) ಅಂತ ದಿನಗಟ್ಟಲೆ ಏರ್ ತೆಗೆಯುತ್ತಾ ಕೂರುವವರಿದ್ದಾರೆ. ಇಲ್ಲದ ಏರ್ ಎಲ್ಲಿಂದ ಬಂದೀತು?

ಈಗ 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚಿನ ಬೋರ್, 20 ಮಿ.ಮೀ. ಓಡಾಟ ತೆಗೆದುಕೊಳ್ಳಿ. ವಿಸ್ತೀರ್ಣ 2.85 ಚದರ ಸೆಂ.ಮೀ., ಆಯಿಲ್ 5.7 ಸಿಸಿ, ಪಿಸ್ಟನ್ ಸರಿಯುವುದು ಸುಮಾರು 1.6 ಮಿ.ಮೀ. ಧಾರಾಳ.

ಬೋರ್ ದೊಡ್ಡದಾದಷ್ಟೂ ಒತ್ತಡ ಕಡಿಮೆ ಎಂಬುದೂ ನಿಜ. ಅದನ್ನೂ ನೋಡಿಬಿಡಿ. ಪೆಡಲ್ ಅನುಪಾತ 5ಕ್ಕೆ 1, ಕಾಲಿನ ಒತ್ತು 25 ಕೆ.ಜಿ. ಆದರೆ ಮಾಸ್ಟರ್ ಮೇಲೆ 125 ಕೆ.ಜಿ. ಬೀಳುತ್ತದೆ, 2.85ರಿಂದ ಭಾಗಿಸಿದರೆ ಪ್ರತಿ ಚದರ ಸೆಂ.ಮೀ.ಗೆ 44 ಕೆ.ಜಿ. ಒತ್ತಡ. 18.1ರಿಂದ ಗುಣಿಸಿದರೆ ಒಂದು ಕ್ಯಾಲಿಪರ್ ಡಿಸ್ಕನ್ನು ಹಿಂಡುವುದು ಸುಮಾರು 795 ಕೆ.ಜಿ. ಬಲದಲ್ಲಿ. ಪ್ಯಾಡಿನ ಘರ್ಷಣೆ 0.35 ಹಿಡಿದು, ಎರಡು ಮುಖಕ್ಕೂ ಸೇರಿಸಿದರೆ 557 ಕೆ.ಜಿ. ಇದು ಕೆಲಸ ಮಾಡುವುದು ಡಿಸ್ಕಿನ ನಡುವಿನಿಂದ 85 ಮಿ.ಮೀ. ದೂರದಲ್ಲಿ, ಟೈರು ನೆಲ ಮುಟ್ಟುವುದು 254 ಮಿ.ಮೀ. ದೂರದಲ್ಲಿ (145/70 ಆರ್12 ಟೈರಿಗೆ). ಹಾಗಾಗಿ ನೆಲದ ಮೇಲೆ ಒಂದು ಚಕ್ರಕ್ಕೆ 186, ಎರಡಕ್ಕೆ 370 ಕೆ.ಜಿ.ಯಷ್ಟು ತಡೆ.

ಹಿಂದಿನ ಚಕ್ರಗಳ ಮೇಲೆ 350 ಕೆ.ಜಿ. ಭಾರ ಇದ್ದರೆ ಒಣ ಡಾಂಬರಿನಲ್ಲಿ ಸುಮಾರು 245 ಕೆ.ಜಿ. ತಡೆಗೇ ಚಕ್ರ ಲಾಕ್ ಆಗುತ್ತದೆ. ಅಂದರೆ ಕಾಲಿನ ಒತ್ತು 16–17 ಕೆ.ಜಿ. ಸಾಕು. ಅದೇ 15.87 ಮಿ.ಮೀ. ಬೋರ್ ಹಾಕಿದರೆ 11–12 ಕೆ.ಜಿ.ಗೇ ಲಾಕ್. ಕೇಳಲು ಚೆನ್ನ, ಓಡಿಸಲು ಕಷ್ಟ: ದಪ್ಪ ಅಟ್ಟೆಯ ಚಪ್ಪಲಿಯಲ್ಲಿ ತುಳಿದಾಗ ಎಷ್ಟು ಒತ್ತಿದೆ ಅಂತ ಕಾಲಿಗೆ ಗೊತ್ತಾಗುವುದಿಲ್ಲ. ಸುಗ್ಗಿಯಲ್ಲಿ ದಾವಣಗೆರೆ ಸುತ್ತಿನ ಹಳ್ಳಿ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳದ ಒಣಹಾಕು ಕಣವೇ ಆಗಿರುತ್ತದೆ. ಆ ಕಾಳಿನ ಮೇಲೆ ಹಿಂದಿನ ಎರಡೂ ಚಕ್ರ ಲಾಕ್ ಆದರೆ ಗಾಡಿಯ ಹಿಂಭಾಗ ಮುಂದಕ್ಕೆ ಬರುತ್ತದೆ. ನಮ್ಮ ಆಯ್ಕೆ 48 ಮಿ.ಮೀ. ಪಿಸ್ಟನ್‌ಗೆ 19.05.

ನಿಮ್ಮ ಗಾಡಿಯ ಹಿಂಭಾರವನ್ನು ಊಹಿಸಬೇಡಿ. ವೇಬ್ರಿಡ್ಜ್‌ಗೆ ಒಯ್ದು, ನೀವು ಕೂತುಕೊಂಡೇ, ಹಿಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ಇಟ್ಟು ತೂಗಿಸಿ.

ಮಾಸ್ಟರ್ ಬಗ್ಗೆ ಇನ್ನೆರಡು ಮಾತು

ಡ್ರಮ್ಮಿಗೆಂದು ಬಂದ ಮಾಸ್ಟರ್‌ನ ಬಾಯಲ್ಲಿ ಹಲವು ಸಲ ಒಂದು ರೆಸಿಡ್ಯುಯಲ್ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಒತ್ತಡ ಸುಮಾರು 10 ಪಿಎಸ್‌ಐ ಉಳಿಸುವುದು ಅದರ ಕೆಲಸ. ಡ್ರಮ್ಮಿನಲ್ಲಿ ಗಟ್ಟಿ ಸ್ಪ್ರಿಂಗು ಶೂಗಳನ್ನು ಹಿಂದಕ್ಕೆ ಎಳೆಯುವುದರಿಂದ ತೊಂದರೆಯಿಲ್ಲ. ಕ್ಯಾಲಿಪರ್‌ನಲ್ಲಿ ಪಿಸ್ಟನ್ನನ್ನು ಹಿಂದಕ್ಕೆಳೆಯುವುದು ರಬ್ಬರ್ ಸೀಲಿನ ಸಣ್ಣ ತಿರುಚು ಮಾತ್ರ, ಅದು 10 ಪಿಎಸ್‌ಐ ಎದುರು ಸೋಲುತ್ತದೆ, ಪ್ಯಾಡು ಸದಾ ಉಜ್ಜುತ್ತದೆ. ಹಳೆ ಮಾಸ್ಟರ್ ಉಳಿಸಿಕೊಳ್ಳಬೇಡಿ, ಡಿಸ್ಕಿನದನ್ನೇ ತನ್ನಿ. ಆದರೆ ಟ್ರೈಕ್‌ನಲ್ಲಿ ಮಾಸ್ಟರ್ ಕಾಲಿನ ಹತ್ತಿರ, ಕ್ಯಾಲಿಪರಿಗಿಂತ ಕೆಳಗೆ ಕೂರುವುದುಂಟು. ಆಗ ಆಯಿಲ್ ನಿಧಾನವಾಗಿ ಹಿಂದಕ್ಕೆ ಇಳಿದು ಮೊದಲ ತುಳಿತ ಪೊಳ್ಳಾಗುತ್ತದೆ. ಅಲ್ಲಿ 2 ಪಿಎಸ್‌ಐ ವಾಲ್ವ್ ಸಾಲಿನಲ್ಲಿ ಹಾಕಬೇಕು. ಮಾಸ್ಟರಿಗೆ ಆಯಿಲ್ ಕೊಡುವ ಡಬ್ಬಿಯನ್ನು ಸೀಟಿನ ಕೆಳಗೆ ಎತ್ತರಕ್ಕೆ ತಂದರೆ ಅದೂ ಬೇಡ.

ಎರಡನೆಯದು: ಕಾರಿನ ಜೋಡಿ ಬಾಯಿಯ ಮಾಸ್ಟರ್ ಸಿಕ್ಕಿತೆಂದು ಒಂದು ಬಾಯಿ ಎಡ ಚಕ್ರಕ್ಕೆ, ಇನ್ನೊಂದು ಬಲಕ್ಕೆ ಕೊಡಬೇಡಿ. ಒಂದು ಪೈಪು ಒಡೆದ ದಿನ ಒಂದೇ ಚಕ್ರ ಹಿಡಿಯುತ್ತದೆ, ಗಾಡಿ ಗಿರಕಿ ಹೊಡೆಯುತ್ತದೆ. ಹಿಂದಿನ ಎರಡೂ ಚಕ್ರ ಒಂದೇ ಸಾಲಿನಲ್ಲಿರಲಿ. ಎರಡನೇ ಆಸರೆಗೆ ಕೈಯಲ್ಲಿ ಮುಂದಿನ ಬ್ರೇಕು ಬೇರೆಯೇ ಇದೆ.

ಸಾಮಾನು

ಟೋಪಿ ಆಕಾರದ ಡಿಸ್ಕ್ ಎರಡು, ಸ್ಟಡ್ ಮೇಲೆ ಮುಂದಿನಿಂದ ಕೂರುವಂಥದ್ದು. ಒಂದೇ ಪಿಸ್ಟನ್ನಿನ, ತೇಲುವ ಕ್ಯಾಲಿಪರ್ ಎಡ-ಬಲ ಜೋಡಿ. ಎರಡೂ ಕಡೆ ಪಿಸ್ಟನ್ ಇರುವ ಗಟ್ಟಿ ಕ್ಯಾಲಿಪರ್ ಬೇಡ, ಏಕೆಂದರೆ ಆಕ್ಸಲ್ ಶಾಫ್ಟ್ ಅರ್ಧ ಮಿ.ಮೀ. ಒಳಹೊರಗೆ ಆಡಿದರೂ ಅದು ಪ್ಯಾಡನ್ನು ಹಿಂದಕ್ಕೆ ತಳ್ಳಿ ಮುಂದಿನ ತುಳಿತವನ್ನು ಪೊಳ್ಳು ಮಾಡುತ್ತದೆ. ಪ್ಯಾಡ್ ಒಂದು ಸೆಟ್, ಎರಡು ಕಡೆಗೂ ಒಂದೇ ಬ್ರ್ಯಾಂಡು. ಬ್ರಾಕೆಟ್‌ಗೆ 10 ಮಿ.ಮೀ. ಎಂಎಸ್ (ಮೆದು ಉಕ್ಕಿನ) ಪ್ಲೇಟು. 10.9 ದರ್ಜೆಯ ಎಂ10 ಬೋಲ್ಟು ಮತ್ತು ನೈಲಾಕ್ ನಟ್ಟು. 4.75 ಮಿ.ಮೀ. ಸ್ಟೀಲ್ ಬ್ರೇಕ್ ಪೈಪು 3 ಮೀಟರ್, ಎಂ10×1 ಯೂನಿಯನ್ (ಪೈಪು ಜೋಡಿಸುವ ನಟ್ಟು), ಒಂದು ಟೀ (ಮೂರು ಬಾಯಿಯ ಜೋಡಣೆ), ಹೋಸ್ ಮೂರು, ತಾಮ್ರದ ವಾಷರ್ 12 (ಆರು ಸಾಕು, ಆರು ಕಳೆಯುವುದಕ್ಕೆ). ಆಕ್ಸಲ್ ಆಯಿಲ್ ಸೀಲ್ ಎರಡು. ಮೊಹರು ಒಡೆಯದ ಡಾಟ್ 4 ಬ್ರೇಕ್ ಆಯಿಲ್ 1 ಲೀಟರ್.

ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪು ಬಗ್ಗಿಸಲು ಬಹಳ ಸುಲಭ. ಬ್ರೇಕಿಗೆ ಅದನ್ನು ಮುಟ್ಟಲೇಬೇಡಿ, ನಡುಕಕ್ಕೆ ಫ್ಲೇರ್ (ಪೈಪಿನ ಅಗಲಿಸಿದ ತುದಿ) ಹತ್ತಿರ ಬಿರುಕು ಬಿಡುತ್ತದೆ.

ಬಿಚ್ಚುವುದು

ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಆಕ್ಸಲ್ ಕೊಳವೆಯ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿ ಎತ್ತುವುದಕ್ಕೆ ಮಾತ್ರ. ಡ್ರಮ್ ತೆಗೆದ ಮೇಲೆ ಒಳಗಿನ ಪುಡಿಯನ್ನು ಏರ್ ಗನ್ನಿಂದ ಊದಬೇಡಿ. ಹಳೆ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಶೂಗಳನ್ನು ಹಿಡಿದಿರುವ ತಗಡಿನ ತಟ್ಟೆ ಆಕ್ಸಲ್ ತುದಿಯ ಫ್ಲಾಂಜಿಗೆ ನಾಲ್ಕು ಬೋಲ್ಟಿನಲ್ಲಿ ಕೂತಿರುತ್ತದೆ. ಹಲವು ಆಕ್ಸಲ್‌ಗಳಲ್ಲಿ ಇದೇ ಬೋಲ್ಟು ಬೇರಿಂಗನ್ನೂ ಹಿಡಿದಿರುತ್ತವೆ. ತಟ್ಟೆ ತೆಗೆಯಲು ಶಾಫ್ಟ್ ಎಳೆಯಬೇಕು. ಶಾಫ್ಟ್ ಎಳೆಯಲು ಸೋಮಾರಿತನ ಮಾಡಿ ತಟ್ಟೆಯನ್ನು ಗ್ರೈಂಡರಿನಲ್ಲಿ ಕತ್ತರಿಸುವವರಿದ್ದಾರೆ. ಕಿಡಿ ಮತ್ತು ಚೂರು ಬೇರಿಂಗಿಗೆ ಹೋಗುತ್ತದೆ. ಎಳೆದ ಮೇಲೆ ಎರಡು ಕೆಲಸ. ಸೀಲ್ ಬದಲಿಸಿ, ಇಲ್ಲದಿದ್ದರೆ ಗೇರ್ ಆಯಿಲ್ ಹೊಸ ಪ್ಯಾಡಿನ ಮೇಲೆ ಸುರಿಯುತ್ತದೆ. ತೆಗೆದ ತಟ್ಟೆಯ ದಪ್ಪ ಅಳೆದು ಬರೆದಿಡಿ. ಅದು ಇಲ್ಲದ ಜಾಗದಲ್ಲಿ ಅಷ್ಟೇ ದಪ್ಪದ ಏನಾದರೂ ಕೂರಬೇಕು, ಇಲ್ಲವಾದರೆ ಬೇರಿಂಗ್ ಸಡಿಲ ಇಲ್ಲವೇ ಬಿಗಿಯಾಗುತ್ತದೆ.

ಡಿಸ್ಕ್ ಕೂರಿಸುವುದು

ಹಬ್ಬಿನ ಮುಖವನ್ನು ತಂತಿ ಬ್ರಷ್‌ನಲ್ಲಿ ಲೋಹ ಕಾಣುವವರೆಗೆ ಉಜ್ಜಿ. ತುಕ್ಕಿನ ಒಂದು ಹಕ್ಕಳೆ ಕೆಳಗೆ ಸಿಕ್ಕಿದರೂ ಡಿಸ್ಕ್ ತೂಗಾಡುತ್ತದೆ. ಡಿಸ್ಕಿನ ನಡುವಿನ ತೂತು ಹಬ್ಬಿನ ಮೂತಿಗಿಂತ ದೊಡ್ಡದಿದ್ದರೆ ಸ್ಟಡ್‌ಗಳ ಮೇಲೆ ಅಂದಾಜಿಗೆ ಕೂರಿಸಬೇಡಿ, ಲೇತ್‌ನಲ್ಲಿ ಒಂದು ಉಂಗುರ ತಿರುಗಿಸಿ. ಈ ಸೀಮೆಯಲ್ಲಿ ಅದಕ್ಕೆ ಬರವಿಲ್ಲ; ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದುದು ಪಕ್ಕದ ಹರಿಹರದಲ್ಲೇ. ಲೇತಿನವರಿಗೆ "ಇದು ಡಿಸ್ಕಿಗೆ" ಅಂದಷ್ಟೇ ಹೇಳಿ ಬರಬೇಡಿ, ಹಬ್ಬಿನ ಅಳತೆ ಮತ್ತು ಡಿಸ್ಕಿನ ಅಳತೆ ಎರಡನ್ನೂ ದಶಾಂಶದಲ್ಲಿ ಬರೆದುಕೊಡಿ.

ನಾಲ್ಕು ನಟ್ಟು ಬಿಗಿದು ಡಯಲ್ ಗೇಜ್ ಹಚ್ಚಿ ಒಂದು ಸುತ್ತು ತಿರುಗಿಸಿ. ತೂಗಾಟ 0.10 ಮಿ.ಮೀ. ದಾಟಬಾರದು. ದಾಟಿದರೆ ಡಿಸ್ಕನ್ನು ಒಂದು ಸ್ಟಡ್ ತಿರುಗಿಸಿ ಮತ್ತೆ ನೋಡಿ. ಎಷ್ಟೋ ಸಲ ಹಬ್ಬಿನ ವಾರೆಯೂ ಡಿಸ್ಕಿನ ವಾರೆಯೂ ಒಂದಕ್ಕೊಂದು ಹೊಡೆದುಹೋಗುತ್ತವೆ.

ಡ್ರಮ್ಮಿನ ಮುಖಕ್ಕಿಂತ ಡಿಸ್ಕಿನ ಟೋಪಿ ದಪ್ಪ ಇದ್ದರೆ ಚಕ್ರ ಅಷ್ಟು ಹೊರಗೆ ಹೋಗುತ್ತದೆ, ನಟ್ಟಿಗೆ ಸಿಗುವ ಎಳೆ ಅಷ್ಟು ಕಡಿಮೆಯಾಗುತ್ತದೆ. 12 ಮಿ.ಮೀ. ಸ್ಟಡ್ಡಿಗೆ ಕನಿಷ್ಠ 12 ಮಿ.ಮೀ. ಎಳೆ ನಟ್ಟಿನೊಳಗಿರಬೇಕು. ಕಡಿಮೆ ಬಿದ್ದರೆ ಉದ್ದ ಸ್ಟಡ್ ಹಾಕಿಸಿ.

ಬ್ರಾಕೆಟ್

ಮದುವೆ ಪತ್ರಿಕೆಯ ದಪ್ಪ ಕಾರ್ಡು ಇದಕ್ಕೆ ಹೇಳಿ ಮಾಡಿಸಿದ್ದು. ಫ್ಲಾಂಜ್ ಮೇಲಿಟ್ಟು ನಾಲ್ಕು ತೂತಿನ ಗುರುತು ಒತ್ತಿ, ಕ್ಯಾಲಿಪರನ್ನು ಡಿಸ್ಕ್ ಮೇಲೆ ಕೈಯಲ್ಲಿ ಹಿಡಿದು ಅದರ ಎರಡು ತೂತು ಗುರುತಿಸಿ. ಕಾರ್ಡಿನಿಂದ ಪ್ಲೈವುಡ್, ಪ್ಲೈವುಡ್ ಸರಿಯಾದ ಮೇಲೆ ಪ್ಲೇಟು. ಎಡದ ಪ್ಲೇಟು ಬಲಕ್ಕೆ ಕನ್ನಡಿ ಪ್ರತಿ, ನಕಲು ಅಲ್ಲ.

ಗಮನಿಸಬೇಕಾದ್ದು ನಾಲ್ಕು. ಪ್ಯಾಡಿನ ಮೇಲಂಚು ಡಿಸ್ಕಿನ ಹೊರಗೆ ಚಾಚಬಾರದು. ಚಾಚಿದ ಭಾಗ ಸವೆಯದೆ ತುಟಿಯಂತೆ ಉಳಿದು, ಎದುರು ಪ್ಯಾಡಿನ ತುಟಿಗೆ ತಾಗಿದ ದಿನ ಬ್ರೇಕು ಅಲ್ಲಿಗೇ ನಿಲ್ಲುತ್ತದೆ. ಡಿಸ್ಕ್ ಕ್ಯಾಲಿಪರಿನ ಬಾಯಿಯ ನಟ್ಟನಡುವೆ ಬರಬೇಕು, ಬಾರದಿದ್ದರೆ ಲೇತ್‌ನಲ್ಲಿ ಮಾಡಿದ ಸ್ಪೇಸರ್ ಕೊಡಿ, ವಾಷರ್‌ಗಳ ರಾಶಿ ಬೇಡ. ಕ್ಯಾಲಿಪರ್ ಮತ್ತು ರಿಮ್ಮಿನ ನಡುವೆ ಕನಿಷ್ಠ 4 ಮಿ.ಮೀ. ಇರಲಿ: ಕ್ಯಾಲಿಪರಿನ ಬೆನ್ನಿಗೆ ಮಕ್ಕಳ ಬಣ್ಣದ ಕ್ಲೇ ಅಂಟಿಸಿ, ಚಕ್ರ ಹಾಕಿ ತಿರುಗಿಸಿ, ತೆಗೆದು ಕ್ಲೇ ದಪ್ಪ ಅಳೆಯಿರಿ. ರಿಮ್ಮಿನ ಒಳಗೆ ಅಂಟಿಸಿದ ಬ್ಯಾಲೆನ್ಸ್ ತೂಕವನ್ನು ಮರೆಯಬೇಡಿ, ಕ್ಯಾಲಿಪರಿಗೆ ಮೊದಲು ಬಡಿಯುವುದು ಅದೇ. ನಾಲ್ಕನೆಯದು ಏರ್ ತೆಗೆಯುವ ನಿಪ್ಪಲ್. ಅದು ಕ್ಯಾಲಿಪರಿನ ಅತಿ ಎತ್ತರದ ಜಾಗದಲ್ಲಿರಬೇಕು. ಎಡದ್ದು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ, ಗುಳ್ಳೆ ಮೇಲೆಯೇ ಕೂತಿರುತ್ತದೆ, ಹತ್ತು ಲೀಟರ್ ಆಯಿಲ್ ಸುರಿದರೂ ಹೊರಬರುವುದಿಲ್ಲ.

ಬ್ರಾಕೆಟ್ಟನ್ನು ಆಕ್ಸಲ್ ಕೊಳವೆಗೆ ವೆಲ್ಡ್ ಮಾಡಬೇಡಿ, ಬೇರಿಂಗ್ ಕೂರುವ ಜಾಗ ಸೊಟ್ಟಗಾಗುತ್ತದೆ. ಬಿಗಿತ: 8.8 ದರ್ಜೆಯ ಎಂ10ಕ್ಕೆ 45, 10.9ಕ್ಕೆ 65 ನ್ಯೂಟನ್ ಮೀಟರ್ ಆಸುಪಾಸು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಬಣ್ಣದ ಗೆರೆ ಎಳೆಯಿರಿ. ಮುಂದೆ ಗೆರೆ ತುಂಡಾಗಿ ಕಂಡರೆ ಬೋಲ್ಟು ತಿರುಗಿದೆ ಅಂತ.

ಪೈಪು, ಹೋಸ್

ಮಾಸ್ಟರ್‌ನಿಂದ ಚಾಸಿಯವರೆಗೆ ಸ್ಟೀಲ್ ಪೈಪು, ಚಾಸಿಯಿಂದ ಆಕ್ಸಲ್ ಮೇಲಿನ ಟೀಗೆ ಒಂದು ಹೋಸ್, ಅಲ್ಲಿಂದ ಎರಡೂ ಕಡೆ ಸ್ಟೀಲ್ ಪೈಪು, ಕೊನೆಗೆ ಕ್ಯಾಲಿಪರಿಗೊಂದು ಗಿಡ್ಡ ಹೋಸ್. ತೇಲುವ ಕ್ಯಾಲಿಪರ್ ಪ್ಯಾಡು ಸವೆದಂತೆ ಸರಿಯುವುದರಿಂದ ಅದಕ್ಕೆ ನೇರ ಸ್ಟೀಲ್ ಪೈಪು ಕೊಡುವಂತಿಲ್ಲ. ಫ್ಲೇರ್ ಜೋಡಿ ಮಡಿಕೆಯದಾಗಿರಲಿ. ಸಸ್ಪೆನ್ಷನ್ ಪೂರ್ತಿ ಕೆಳಗಿಳಿದಾಗ ಹೋಸ್ ಎಳೆಯಬಾರದು, ಪೂರ್ತಿ ಮೇಲೆ ಬಂದಾಗ ಚೈನಿಗೋ ಸೈಲೆನ್ಸರಿಗೋ ತಾಗಬಾರದು. ಪ್ರತಿ ಬ್ಯಾಂಜೋ ಬೋಲ್ಟಿಗೆ (ಹೋಸ್ ತುದಿಯನ್ನು ಹಿಡಿಯುವ, ನಡುವೆ ತೂತಿರುವ ಬೋಲ್ಟು) ಎರಡೂ ಬದಿ ಹೊಸ ತಾಮ್ರದ ವಾಷರ್.

ಪೆಡಲಿನ ಪುಷ್‌ರಾಡ್ ಮತ್ತು ಮಾಸ್ಟರ್ ಪಿಸ್ಟನ್ ನಡುವೆ 1 ಮಿ.ಮೀ. ಸಂದು ಬಿಡಿ. ಇದು ಚಿಕ್ಕ ಸಂಗತಿಯಂತೆ ಕಾಣುತ್ತದೆ. ಸಂದು ಇಲ್ಲದಿದ್ದರೆ ಆಯಿಲ್ ಡಬ್ಬಿಗೆ ಮರಳುವ ಸೂಜಿತೂತು ಮುಚ್ಚಿಯೇ ಇರುತ್ತದೆ. ಗಾಡಿ ಓಡಿದಂತೆ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಪ್ಯಾಡನ್ನೇ ಒತ್ತುತ್ತದೆ, ಅದರಿಂದ ಇನ್ನಷ್ಟು ಬಿಸಿ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆ ಬಿಟ್ಟವರಿಗೆ ಚಿತ್ರದುರ್ಗ ಮುಟ್ಟುವ ಮುಂಚೆಯೇ ಗಾಡಿ ಹಿಡಿದುಕೊಂಡಂತಾಗುವುದಕ್ಕೆ ಇದೇ ಕಾರಣ.

ಪಾರ್ಕಿಂಗ್ ಬ್ರೇಕು

ಡ್ರಮ್ ಜೊತೆ ಹ್ಯಾಂಡ್ ಬ್ರೇಕಿನ ಕೇಬಲ್ಲೂ ಹೋಯಿತು. ಬೈಕು ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ, ಟ್ರೈಕ್ ಉರುಳುತ್ತದೆ. ಚಿತ್ರದುರ್ಗದ ಕೋಟೆ ಬಾಗಿಲ ಕಡೆಗೆ ಏರುವ ರಸ್ತೆಯಲ್ಲಿ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ. ಒಳ್ಳೆಯ ದಾರಿ ಎಂದರೆ ಪ್ರತಿ ಡಿಸ್ಕಿಗೂ ಕೇಬಲಿನಲ್ಲಿ ಎಳೆಯುವ ಚಿಕ್ಕ ಮೆಕ್ಯಾನಿಕಲ್ ಕ್ಯಾಲಿಪರ್, ಅಥವಾ ಹ್ಯಾಂಡ್ ಬ್ರೇಕ್ ಲಿವರ್ ಕೂಡಿಯೇ ಬರುವ ಹಿಂಬದಿ ಕ್ಯಾಲಿಪರ್. ಡಿಫರೆನ್ಷಿಯಲ್‌ಗೆ ಮುಂಚೆ ಶಾಫ್ಟಿನ ಮೇಲೆ ಒಂದೇ ಬ್ರೇಕು ಕೊಡುವುದು ಅಗ್ಗ, ಆದರೆ ಪಂಕ್ಚರಿಗೆಂದು ಒಂದು ಚಕ್ರ ಎತ್ತಿದ ಕೂಡಲೇ ಇನ್ನೊಂದು ಸ್ವತಂತ್ರವಾಗಿ ತಿರುಗುತ್ತದೆ. ಒತ್ತಡವನ್ನು ಪೈಪಿನಲ್ಲೇ ಹಿಡಿದಿಡುವ ಲೈನ್ ಲಾಕನ್ನು ಪಾರ್ಕಿಂಗ್ ಬ್ರೇಕು ಎಂದು ನಂಬಬೇಡಿ. ರಾತ್ರಿ ಕಳೆಯುವುದರೊಳಗೆ ಒತ್ತಡ ಇಳಿದಿರುತ್ತದೆ.

ಏರ್ ತೆಗೆಯುವುದು

ಡಾಟ್ 4 ಆಯಿಲ್‌ಗೆ ಡಾಟ್ 5 ಬೆರೆಸಬೇಡಿ, ಅದು ಸಿಲಿಕೋನ್ ಜಾತಿ. ಹಳೆ ಅರ್ಧ ಬಾಟಲಿಯೂ ಬೇಡ. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ಯಾಂಕಿನ ಬಣ್ಣದ ಮೇಲೆ ಬಿದ್ದರೆ ಒರೆಸದೆ ನೀರು ಸುರಿಯಿರಿ.

ನಿಪ್ಪಲಿಗೆ ಪಾರದರ್ಶಕ ಟ್ಯೂಬು, ಅದರ ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಮಾಸ್ಟರ್‌ನಿಂದ ದೂರದ ಚಕ್ರ ಮೊದಲು. ಒಬ್ಬರು ಪೆಡಲ್ ಮೇಲೆ, ಒಬ್ಬರು ನಿಪ್ಪಲ್ ಹತ್ತಿರ, ನಡುವೆ ಮಾತು ತಪ್ಪಬಾರದು.

"ತುಳಿಯಪ್ಪ."
"ತುಳಿದೆ ಅಣ್ಣ, ಹಿಡ್ಕಂಡೀನಿ."
"ನಾನು ಹೇಳೋ ಮಟ ಬಿಡಬ್ಯಾಡ."

ನಿಪ್ಪಲ್ ಕಾಲು ಸುತ್ತು ಬಿಚ್ಚಿದಾಗ ಪೆಡಲ್ ಇಳಿಯುತ್ತದೆ, ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ "ಬಿಡು". ಈ ಕ್ರಮ ಒಮ್ಮೆ ತಪ್ಪಿದರೂ ಟ್ಯೂಬಿನಿಂದ ಗಾಳಿ ವಾಪಸ್ ಒಳಗೆ. ಡಬ್ಬಿ ಖಾಲಿಯಾಗದಂತೆ ಐದು ತುಳಿತಕ್ಕೊಮ್ಮೆ ತುಂಬಿ. ಕೊನೆಗೆ ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ನಿಧಾನವಾಗಿ ಇಳಿದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಕಪ್ ಹೋಗಿದೆ. ಬ್ರೇಕ್ ಲೈಟ್ ಸ್ವಿಚ್ಚನ್ನೂ ಆಗಲೇ ನೋಡಿಬಿಡಿ.

ಟ್ರಯಲ್

ಹೆದ್ದಾರಿಗೆ ಇಳಿಯಬೇಡಿ. ಊರಂಚಿನಲ್ಲಿ ಮನೆ ಏಳದ ಲೇಔಟ್‌ಗಳ ಖಾಲಿ ರಸ್ತೆ ಬೇಕಾದಷ್ಟಿದೆ. ಮೊದಲು ನಡೆಯುವ ವೇಗದಲ್ಲಿ ನಿಲ್ಲಿಸಿ. ಆಮೇಲೆ 50ರಿಂದ 10 ಕಿ.ಮೀ. ವೇಗಕ್ಕೆ ಮಧ್ಯಮ ಒತ್ತಿನಲ್ಲಿ 8–10 ಸಲ ಇಳಿಸಿ, ನಡುವೆ ಅರ್ಧ ಕಿಲೋಮೀಟರ್ ಓಡಿಸಿ ಗಾಳಿ ಆಡಲು ಬಿಡಿ. ಬಿಸಿ ಇರುವಾಗ ಬ್ರೇಕ್ ಹಿಡಿದು ನಿಲ್ಲಬೇಡಿ, ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಕೂತು ಪೆಡಲ್ ಮಿಡಿಯತೊಡಗುತ್ತದೆ. ನೇರ ರಸ್ತೆಯಲ್ಲಿ ಮಾತ್ರ ಜೋರು ಬ್ರೇಕು. ತಿರುವಿನಲ್ಲಿ ಒತ್ತಿದರೆ ಭಾರ ಮುಂದಿನ ಒಂಟಿ ಚಕ್ರದತ್ತ ಸರಿದು ಒಳಬದಿಯ ಚಕ್ರ ನೆಲ ಬಿಡುತ್ತದೆ.

ಒಂದು ಕಡೆ ಎಳೆದರೆ ಎರಡೂ ಡಿಸ್ಕಿನ ಬಿಸಿ ಹೋಲಿಸಿ, ಕೈ ಹಚ್ಚದೆ ನೀರಿನ ಹನಿ ಚಿಮುಕಿಸಿ. ತಣ್ಣಗಿರುವ ಕಡೆಯ ಕ್ಯಾಲಿಪರ್ ಕೆಲಸ ಮಾಡುತ್ತಿಲ್ಲ: ಜಾರುಪಿನ್ ಕಚ್ಚಿದೆ, ಏರ್ ಉಳಿದಿದೆ, ಅಥವಾ ಪ್ಯಾಡಿಗೆ ಗ್ರೀಸ್ ತಾಗಿದೆ. ಬಿಟ್ಟ ಮೇಲೂ ಚಕ್ರ ಹಿಡಿದೇ ಇದ್ದರೆ ಮೊದಲು ಮಾಸ್ಟರ್ ಬಳಿ ಯೂನಿಯನ್ ಸಡಿಲಿಸಿ; ಚಕ್ರ ಬಿಟ್ಟರೆ ತಪ್ಪು ಪುಷ್‌ರಾಡ್ ಸಂದಿನದು ಅಥವಾ ವಾಲ್ವಿನದು. ಬಿಡದಿದ್ದರೆ ಕ್ಯಾಲಿಪರ್ ನಿಪ್ಪಲ್ ಸಡಿಲಿಸಿ. ಈಗ ಬಿಟ್ಟರೆ ಹೋಸ್ ಒಳಗೆ ಮುಚ್ಚಿಕೊಂಡಿದೆ. ಆಗಲೂ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್ ಸಿಕ್ಕಿಕೊಂಡಿದೆ, ಕ್ಯಾಲಿಪರ್ ಬಿಚ್ಚಬೇಕು. ಸಡಿಲಿಸಿದ್ದನ್ನು ಬಿಗಿದು, ಮತ್ತೆ ಏರ್ ತೆಗೆಯದೆ ಗಾಡಿ ಅಲುಗಿಸಬೇಡಿ.

50 ಕಿ.ಮೀ. ಆದ ಮೇಲೆ ಚಕ್ರದ ನಟ್ಟು ಮತ್ತೆ ಬಿಗಿಯಿರಿ, ಬೋಲ್ಟಿನ ಮೇಲಿನ ಬಣ್ಣದ ಗೆರೆಗಳನ್ನೂ ಅವತ್ತೇ ನೋಡಿ. 500 ಕಿ.ಮೀ.ಗೆ ಪ್ಯಾಡು ಹೊರತೆಗೆದು ಒಳ-ಹೊರ ಪ್ಯಾಡಿನ ದಪ್ಪ ಅಳೆಯಿರಿ; ಒಂದು ಮಾತ್ರ ಸವೆದಿದ್ದರೆ ಬ್ರಾಕೆಟ್ ವಾರೆ ಇದೆ ಅಥವಾ ಪಿನ್ನಿಗೆ ಧೂಳು ಹೊಕ್ಕಿದೆ.